ಹುಸೇನಸಾಬನ ಕಣ್ಣಿನ ಬಟ್ಟೆ

ಗೆಳೆಯರೇ, ಇವತ್ತು ನಾನು ಒಬ್ಬನ ಕಣ್ಣು ಕಳೆದೆ. ಕಲಾದಗಿಯ ಸೇತುವೆಗೆ ಕಲ್ಲು ಒಡೆಯುತ್ತಿದ್ದೆವು. ಜೊತೆಗಾರ ಹುಸೇನಸಾಬ ಕಣ್ಣಿಗೆ ಜಾಳಾದ ಬಟ್ಟೆ ಕಟ್ಟಿಕೊಂಡು ಕುಳಿತಿದ್ದ. ಚಕ್ಕೆ ಸಿಡಿದು ತಾಗದಿರಲೆಂದು ಅವನ ಹೆಂಡತಿ ಇಳಕಲ್ಲಿನ ತವರಿನ ಮಗ್ಗದಲ್ಲಿ ನೇಯ್ದು ತಂದದ್ದು.

"ಏನಲೇ ಹುಸೇನ್ಯಾ, ಮದುಮಗಳ ಹಂಗ ಮುಸುಕು ಹಾಕೀದಿ? ನಿಕಾ ಯಾವಾಗ?" ಎಂದೆ. ಎಲ್ಲರೂ ಉಳಿ ಕೆಳಗಿಟ್ಟು ನಕ್ಕರು. ಅವನೂ ನಗುತ್ತಲೇ ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟ. ನಾಲ್ಕೇ ಪೆಟ್ಟಿಗೆ ಚಕ್ಕೆಯೊಂದು ಸಿಡಿದು ಬಲಗಣ್ಣಿಗೆ ನಟ್ಟಿತು.

ದವಾಖಾನೆಯಲ್ಲಿ ಡಾಕ್ಟರ್ ಸಾಹೇಬರು, "ಈ ಕಣ್ಣಿನ ಆಸೆ ಬಿಡ್ರಿ" ಎಂದರು. ನಾನು ಅತ್ತೆ. ಹುಸೇನಸಾಬನೇ ನನ್ನ ಕೈ ಹಿಡಿದು, "ಅಳಬ್ಯಾಡಲೇ. ನೀ ಅಂದದ್ದು ಭಾಳ ಛಲೋ ಇತ್ತು, ನನಗೂ ನಗಿ ಬಂತು" ಎಂದ.

ಕಲ್ಲು ಒಡೆಯಲು ಹೋದ ಊರೂರಲ್ಲಿ ಕತೆ ಹೇಳಿ ಹೊಗಳಿಸಿಕೊಂಡವನು ನಾನು. ಇವತ್ತಿನ ಹೊಗಳಿಕೆಯೊಂದು ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ.