ಕಫ ಬಾರದ ಕಾರಣ

ಖಾದರ್ ಸಾಹೇಬರು ನಮ್ಮ ಓಣಿಗೆ ಬಂದರೆ ನಾಯಿ ಬೊಗಳುವ ಮೊದಲೇ ಅವರ ದನಿ ಕೇಳುತ್ತಿತ್ತು. ಗಾಡಿಯಿಂದ ಇಳಿಯದೆಯೇ, "ಈ ಮನೆಯಲ್ಲಿ ಸಂಭಾವ್ಯ ಕ್ಷಯರೋಗಿಗಳು ಯಾರಾದರೂ ಇದ್ದಾರೆಯೇ?" ಎಂದು ಕೂಗುತ್ತಿದ್ದರು. ಅದಕ್ಕೂ ಮೊದಲು 'ಶಂಕಿತರು' ಎನ್ನುತ್ತಿದ್ದರು. ನಿಮ್ಮ ಅಜ್ಜನ ಅಕ್ಕ ಗಂಗಮ್ಮ, "ನಮ್ಮನ್ಯಾಗ ಕಳ್ಳರಿಲ್ರಿ ಸಾಬ್ರ, ಮುಂದಿನ ಮನಿ ನೋಡ್ರಿ" ಎಂದು ಕಳಿಸಿದ್ದಳು. ಆಮೇಲೆ ಯಾದಗಿರಿಯ ತರಬೇತಿಯಿಂದ ಅವರು ಈ ಹೊಸ ಮಾತು ತಂದರು.

ಸುರಪುರದವರು, ಆರೋಗ್ಯ ಇಲಾಖೆಯ ನೌಕರರು. ಮನೆಯಲ್ಲಿ ಆಡುವುದು ದಖನಿ ಉರ್ದು. ಕನ್ನಡವನ್ನು ಮಾತ್ರ ಸುತ್ತೋಲೆಯಿಂದಲೇ ಕಲಿತವರಂತೆ ಆಡುತ್ತಿದ್ದರು. ಅವರ ಬಾಯಲ್ಲಿ ಕೆಮ್ಮು 'ಲಕ್ಷಣ', ಗುಳಿಗೆ 'ಔಷಧೋಪಚಾರ', ನಾನು 'ಪ್ರಕರಣ'. "ಪ್ರಕರಣದ ಊಟ ಆಯಿತೇ?" ಎಂದು ಒಮ್ಮೆ ಕೇಳಿದ್ದರು. ಆದರೆ ಮಕ್ಕಳೇ, ನನ್ನ ಚಿಕಿತ್ಸೆಯ ಆರು ತಿಂಗಳಲ್ಲಿ ಗುಳಿಗೆ ಒಂದು ದಿನವೂ ತೀರಲು ಬಿಡಲಿಲ್ಲ. ಬೇಸಿಗೆಯಲ್ಲಿ ತಲೆಗೆ ಹಸಿ ಟವೆಲ್ ಸುತ್ತಿಕೊಂಡು ತಂದುಕೊಟ್ಟು, ನುಂಗುವವರೆಗೂ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ಸಣ್ಣವಳೇ, ನನಗೆ ಟಿಬಿ ಎಂದು ಗೊತ್ತಾದಾಗ ನೀನು ಮೂರು ತಿಂಗಳ ಕೂಸು. ಗಂಗಮ್ಮ ನಿನ್ನನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ಅವಳ ಮಾತು ಮೀರಲು ನಿನ್ನ ಅವ್ವನಿಗೂ ಧೈರ್ಯವಿರಲಿಲ್ಲ. ಎರಡು ತಿಂಗಳ ನಂತರ ಕಫದ ಪರೀಕ್ಷೆ ಮಾಡಿಸಿ ಸಾಹೇಬರು ಸಂತೋಷದಿಂದ ಬಂದರು.

"ಸೋಂಕಿನ ಪ್ರಸರಣ ಸಾಧ್ಯತೆ ಕ್ಷೀಣಿಸಿದೆ. ಶಿಶು ಸಂಪರ್ಕಕ್ಕೆ ಅಡ್ಡಿ ಇಲ್ಲ."

ಗಂಗಮ್ಮನ ಕಿವಿಗೆ ಬಿದ್ದದ್ದು ಎರಡೇ ಮಾತು. "ಕೇಳಿದೇನ ಶಾಂತಾ? ಶಿಶು ಕ್ಷೀಣ ಆಗ್ತದಂತ!" ಎಂದು ನನಗೆ ಹೇಳಿದವಳೇ ನಿನ್ನನ್ನು ಎತ್ತಿಕೊಂಡು ಒಳಗೆ ಹೋದಳು. ನನಗೆ ಅರ್ಥವಾಗಿತ್ತು. ಏಳನೆಯ ಇಯತ್ತೆಯವರೆಗೆ ಓದಿದ್ದೆ. ಆದರೆ ಅವಳೆದುರು ನನ್ನ ಬಾಯಿ ಏಳಲಿಲ್ಲ. ಮತ್ತೆ ನಾಲ್ಕು ತಿಂಗಳು ನಿನ್ನನ್ನು ದೂರದಿಂದಲೇ ನೋಡಿದೆ.

ಗುಳಿಗೆಯ ಕಡೆಯ ವಾರ ಗಂಗಮ್ಮ ಷರತ್ತು ಹಾಕಿದಳು: "ಗುಣ ಆಗ್ಯದ ಅಂತ ಸಾಬ ಬರದು ಕೊಡ್ಲಿ, ಕೂಸು ಕೊಡ್ತೀನಿ."

ಕೊನೆಯ ಪರೀಕ್ಷೆಗೆ ಸಾಹೇಬರು ಡಬ್ಬಿ ಕೊಟ್ಟರು. ಮೂರು ದಿನ ನಸುಕಿನಲ್ಲೆದ್ದು ಪಕ್ಕೆ ನೋಯುವಂತೆ ಕೆಮ್ಮಿದೆ. ಅವರು ಡಬ್ಬಿಯನ್ನು ಬಿಸಿಲಿಗೆ ಹಿಡಿದು ನೋಡಿ ತಲೆಯಾಡಿಸಿದರು.

"ಇದು ಬರೀ ಲಾಲಾರಸ. ಕಫ ಪರೀಕ್ಷೆಯಾಗದೆ 'ಗುಣಮುಖ' ಎಂದು ದಾಖಲಿಸಲು ಅವಕಾಶವಿಲ್ಲ."

ರೋಗ ಹೋಯಿತೆಂದು ಕಫ ಹೋಗಿತ್ತು. ಕಫ ಹೋಯಿತೆಂದು ಗುಣವಾಗಿರಲಿಲ್ಲ.

"ಮತ್ತೇನು ಬರೀತೀರಿ?" ಎಂದಳು ಗಂಗಮ್ಮ.

"ಚಿಕಿತ್ಸೆ ಮುಕ್ತಾಯವಾಗಿದೆ, ಎಂದು."

"ಮುಗೀತಾ? ದವಾಖಾನ್ಯಾವ್ರು ಕೈ ಬಿಟ್ರಾ? ಅಯ್ಯ ನನ ಶಾಂತಾ!" ಎಂದು ಅವಳು ಎದೆ ಬಡಿದುಕೊಂಡಳು. ದನಿ ಕೇಳಿ ಬಂದ ಆಚೀಚೆ ಮನೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನನ್ನ ಸುತ್ತ ಕೂತರು. ಜೀವಂತ ಇದ್ದ ನಾನೇ ಎದ್ದು ಅವರಿಗೆಲ್ಲ ನೀರು ಕೊಡಬೇಕಾಯಿತು.

ಸಾಹೇಬರು ಬೆವೆತುಬಿಟ್ಟರು. ಆಗ ನನಗೆ ಎಲ್ಲಿಂದ ಧೈರ್ಯ ಬಂತೋ.

"ಸಾಹೇಬ್ರ, ನಿಮ್ಮ ತಾಯಿಗಿ ಹೆಂಗ ಹೇಳ್ತಿದ್ರಿ, ಹಂಗ ಹೇಳ್ರಿ."

ಅವರು ಮೇಲಧಿಕಾರಿ ಯಾರಾದರೂ ನಿಂತಿದ್ದಾರೇನೋ ಎಂಬಂತೆ ಓಣಿಯ ಎರಡೂ ಕಡೆ ನೋಡಿ, ರಿಜಿಸ್ಟರು ಮುಚ್ಚಿದರು.

"ಅವ್ವಾ, ಜಡ್ಡು ಹೋಗ್ಯದ. ಈಕಿ ಗಟ್ಟಿ ಅದಾಳ. ಕೂಸು ಕೊಡ್ರಿ."

"ಇಷ್ಟು ಹೇಳಾಕ ಆರು ತಿಂಗಳು ಬೇಕಾತೇನಪಾ? ನಿನ್ನ ಬಾಯಾಗ ಮಣ್ಣು ಹಾಕ!" ಎಂದು ಬೈಯುತ್ತಲೇ ಗಂಗಮ್ಮ ನಿನ್ನನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು. ನೀನು ಹೊಸ ಮುಖ ನೋಡಿ ಕಿರುಚಿಕೊಂಡೆ. ಆ ಗದ್ದಲದಲ್ಲೇ ಸಾಹೇಬರು ರಿಜಿಸ್ಟರು ತೆರೆದು ಬರೆದರು: 'ಚಿಕಿತ್ಸೆ ಮುಕ್ತಾಯ. ಕಫ ಬಾರದ ಕಾರಣ ಗುಣಮುಖ ಎಂದು ನಮೂದಿಸಿಲ್ಲ.'

ಮುಂದೆ ಅವರಿಗೆ ಸೈದಾಪುರದ ಕಡೆ ವರ್ಗವಾಯಿತು. ಮತ್ತೆ ನಾನು ಅವರನ್ನು ನೋಡಲಿಲ್ಲ. ಆ ರಿಜಿಸ್ಟರು ಈಗ ಯಾವ ಕಪಾಟಿನಲ್ಲಿದೆಯೋ, ಅದರ ಪ್ರಕಾರ ನಾನಿನ್ನೂ ಗುಣವಾಗಿಲ್ಲ. ನೀನು ಮಾತ್ರ ಎಂಟು ವರ್ಷದಿಂದ ನನ್ನ ಮಗ್ಗುಲು ಬಿಟ್ಟು ಮಲಗುವುದಿಲ್ಲ.