ಬಾಡಿದರೂ ಉದುರದ ಎಲೆ

ಬಾಡಿದ ಗಿಡ ಕಂಡರೆ ನೀರು ಹಾಕು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಗೊತ್ತಿದ್ದ ಕೃಷಿ ಇಷ್ಟೇ. ಅದನ್ನೇ ನಂಬಿದ್ದಕ್ಕೆ ಒಂದಿಡೀ ಬೇಸಿಗೆ ಹೆದರಿ ಕೂರಬೇಕಾಯಿತು.

ಆಗ ಮಗಳು ವಾಸಂತಿಯ ಮನೆ ಗಲ್ಫಿನ ಮಿರ್ದಿಫಿನಲ್ಲಿ. ವಿಲ್ಲಾದ ಅಂಗಳದಲ್ಲಿ ಎರಡು ಮಾವಿನ ಮರ. ಹಣ್ಣು ಬರೇ ಹುಳಿ. ಆದರೆ ಯುಗಾದಿ ಬಂತೆಂದರೆ ಅಲ್ ಕುಸೈಸಿನ ಫ್ಲ್ಯಾಟುಗಳಿಂದ ಬೆಂಗಳೂರು, ಮೈಸೂರಿನವರೆಲ್ಲ ತೋರಣದ ಎಲೆಗೆ ಕಾರು ಹತ್ತಿ ಬರುತ್ತಿದ್ದರು. ಊರಲ್ಲಿ ಯಾರೂ ತಿರುಗಿ ನೋಡದ ಎಲೆಗೆ ಇಲ್ಲಿ ಅಷ್ಟು ಮರ್ಯಾದೆ. ಕೊಯ್ದು ಕೊಡುವ ದೊಡ್ಡಸ್ತಿಕೆ ನನ್ನದು.

ಆ ವರ್ಷ ಗೇಟಿನ ಬದಿಯ ಮರದ ಒಂದು ಕೊಂಬೆ ಬಾಡಿತು. ಅಕ್ಕಿ ತೊಳೆದ ನೀರೂ ಸೇರಿ ಕೊಡಗಟ್ಟಲೆ ಸುರಿದೆ. ಎಲೆ ಒಣಗಿತು, ಆದರೆ ಉದುರಲಿಲ್ಲ. ಕೊಂಬೆಗೆ ಅಂಟಿಕೊಂಡೇ ಇತ್ತು. ಆ ಮರದಲ್ಲಿ ಹಸಿರಿದ್ದಷ್ಟನ್ನು ಹಬ್ಬಕ್ಕೆ ಕೊಯ್ದೆ. ಸಾಲದ್ದಕ್ಕೆ, ಅದೇ ಕತ್ತಿಯಲ್ಲಿ ಅಡುಗೆಮನೆ ಬದಿಯ ಮರದಿಂದಲೂ ಕೊಯ್ದೆ.

ಹಬ್ಬ ಕಳೆದು ಬಂದ ಪೇಶಾವರದ ಮುದಿ ಮಾಲಿ ಬಾಡಿದ ಕೊಂಬೆಯ ತೊಗಟೆ ಕೆರೆದು ತೋರಿಸಿದ. ಒಳಗೆಲ್ಲ ಕಪ್ಪು ಗೆರೆ. ಕಾಂಡದಲ್ಲಿ ಸೂಜಿ ಚುಚ್ಚಿದಂಥ ತೂತು, ಸೋರಿದ ಅಂಟು.

"ಪ್ಯಾಸ್ ನಹೀಂ ಅಮ್ಮಾಜಿ, ಬೀಮಾರಿ ಹೈ. ಏ ದರಖ್ತ್ ಖಲಾಸ್."

ಬಾಯಾರಿಕೆಯಲ್ಲ, ರೋಗ; ಈ ಮರದ ಕತೆ ಮುಗಿಯಿತು. ಉಳಿದದ್ದನ್ನು ವಾಸಂತಿ ಬಿಡಿಸಿ ಹೇಳಿದಳು. ಉಪ್ಪಿನಕಾಯಿಗೆ ಹಿಡಿಯುವ ಬೂಷ್ಟಿನ ಜಾತಿಯದೇ ಒಂದು ಮರದೊಳಗೆ ಸೇರಿ ನೀರಿನ ದಾರಿ ಕಟ್ಟುತ್ತದಂತೆ. ಬುಡಕ್ಕೆ ಎಷ್ಟು ಸುರಿದರೂ ತುದಿಗೆ ಹನಿ ಏರುವುದಿಲ್ಲ. ಆ ತೂತು ಕೊರೆಯುವ ಹುಳದ ಮೈಗಂಟಿ ಹರಡುತ್ತದೆ, ಕತ್ತಿಯ ಬಾಯಿಗಂಟಿಯೂ ಹರಡುತ್ತದೆ.

"ಅಮ್ಮ, ಆಚೆ ಮರಕ್ಕೆ ಕತ್ತಿ ತೊಳ್ದು ಹಾಕಿದ್ದಲ್ವಾ?"

"ಇಲ್ಲ."

"ಒಂದು ಭರಣಿಯ ಸೌಟು ಇನ್ನೊಂದಕ್ಕೆ ಹಾಕಿದ್ರೆ ನನ್ನ ಕೈಗೆ ಹೊಡೀತಿದ್ದದ್ದು ನೀನೇ ಅಲ್ವಾ?"

ಹೊಡೆದದ್ದು ಹೌದು.

ಗೇಟಿನ ಮರ ಕಡಿಸಿ ಸಾಗಿಸಿದೆವು. ಉಳಿದದ್ದು ಒಂದು, ಅದಕ್ಕೂ ನನ್ನ ಕತ್ತಿ ತಾಗಿತ್ತು. ಮಾಲಿ ಒಂದು ಪರೀಕ್ಷೆ ಹೇಳಿಕೊಟ್ಟ: ಮಧ್ಯಾಹ್ನ ಚಿಗುರು ಜೋತರೆ ಹೆದರಬೇಡಿ, ಆ ಬಿಸಿಲಿಗೆ ಯಾರಾದರೂ ಜೋಲುತ್ತಾರೆ. ಸಂಜೆಗೂ ಏಳದಿದ್ದರೆ ಮಾತ್ರ ಹೆದರಿ.

ಬೇಸಿಗೆಯಿಡೀ ಮಸೀದಿಯ ಸಂಜೆಯ ಬಾಂಗ್ ಕೇಳಿದ ಕೂಡಲೇ ಅಂಗಳಕ್ಕಿಳಿದೆ. ಪ್ರತಿ ಸಂಜೆಯೂ ಚಿಗುರು ಎದ್ದು ನಿಂತಿರುತ್ತಿತ್ತು. ಮುಂದಿನ ಯುಗಾದಿಗೆ ಕತ್ತಿಯನ್ನು ಸ್ಪಿರಿಟಿನಲ್ಲಿ ಒರೆಸಿ, ಬಂದವರಿಗೆ ಮನೆಗೆ ಐದೈದೇ ಎಲೆ ಎಂದೆ. ಜಿಪುಣಿ ಮುದುಕಿ ಅಂದರಂತೆ. ಅನ್ನಲಿ.

ಈಗ ಮಧ್ಯಾಹ್ನ ನಾನು ಸೋಫಾದಲ್ಲಿ ಉರುಳಿದರೆ ವಾಸಂತಿ ಹಣೆ ಮುಟ್ಟಿ ನೋಡುತ್ತಾಳೆ. "ಏನಮ್ಮ, ಡಾಕ್ಟ್ರ ಹತ್ರ ಹೋಗುವಾ?"

"ಸಂಜೆಗೆ ಬಂದು ನೋಡು," ಎನ್ನುತ್ತೇನೆ.