ಬರಿಹೊಟ್ಟೆಯ ಬುಧವಾರ

ನನ್ನ ಕೈ ನಡುಗುವುದಿಲ್ಲ. ಜಂಬ ಅಂದುಕೊಂಡರೂ ಚಿಂತೆಯಿಲ್ಲ. ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ತಂತಿಯೊಂದನ್ನು ಹೃದಯದವರೆಗೆ ಏರಿಸಿ, ಕಟ್ಟಿಕೊಂಡ ಜಾಗದಲ್ಲಿ ಸ್ಟೆಂಟ್ ಕೂರಿಸುವಾಗ ಅಂಜುವ ಕೈಗಿಂತ ಜಂಬದ ಕೈ ವಾಸಿ. ಚನ್ನರಾಯಪಟ್ಟಣದ ಸರ್ಕಾರಿ ಶಾಲೆಯಲ್ಲಿ ಓದಿ, ಮೈಸೂರು, ಬೆಂಗಳೂರು ಅಂತ ಹನ್ನೆರಡು ವರ್ಷ ಕಲಿತು, ಹಾಸನಕ್ಕೆ ಬಂದು ಕುಳಿತವಳು ನಾನು. ಮೊದಲ ವರ್ಷ ರೋಗಿಗಳು ನನ್ನ ಎದುರೇ ಕುಳಿತು, "ಡಾಕ್ಟ್ರು ಯಾವಾಗ ಬತ್ತಾರೆ ಸಿಸ್ಟರ್?" ಎಂದು ಕೇಳುತ್ತಿದ್ದರು. "ಬಂದು ಅರ್ಧ ಗಂಟೆಯಾಯಿತು" ಎನ್ನುತ್ತಿದ್ದೆ. ಈಗ ಹಾಗೆ ಕೇಳುವ ಧೈರ್ಯ ಯಾರಿಗೂ ಇಲ್ಲ.

ಬೆಂಗಳೂರಿನ ನಮ್ಮ ಪ್ರೊಫೆಸರ್ ಒಬ್ಬರು, ಸ್ಟೆತಾಸ್ಕೋಪ್ ಕಿವಿಗೆ ಸಿಕ್ಕಿಸಿಕೊಳ್ಳುವ ಮೊದಲು ಅದೇ ಕಿವಿಯಿಂದ ರೋಗಿಯ ಮಾತು ಕೇಳಿ ಎಂದು ದಿನಾ ಕೊರೆಯುತ್ತಿದ್ದರು. ನಾವು ಎದುರಿಗೆ ತಲೆಯಾಡಿಸಿ ಆಚೆ ಬಂದು ನಗುತ್ತಿದ್ದೆವು. ಸ್ಟೆಂಟ್ ಹಾಕುವುದನ್ನು ಕಲಿಯಲು ಬಂದವರಿಗೆ ಮಾತುಕತೆಯ ಪಾಠ ಯಾಕೆ?

ಬುಧವಾರ ಹಳೆಯ ರೋಗಿಗಳ ದಿನ. ಹೊಳೆನರಸೀಪುರ, ಅರಕಲಗೂಡು, ನುಗ್ಗೇಹಳ್ಳಿ ಕಡೆಯಿಂದ ಮೊದಲ ಬಸ್ಸಿಗೇ ಹೊರಟು ಬರುತ್ತಾರೆ. ರಕ್ತ ಪರೀಕ್ಷೆಗೆ ಬರಿಹೊಟ್ಟೆಯಲ್ಲಿ ಬನ್ನಿ ಎಂದು ಚೀಟಿಯ ಕೆಳಗೆ ಬರೆದಿರುತ್ತೇವೆ. ರಕ್ತ ಕೊಟ್ಟ ಮೇಲೂ ಯಾರೂ ತಿನ್ನುವುದಿಲ್ಲ. ನನ್ನ ಕೋಣೆಯ ಮುಂದಿನ ಬೆಂಚು ಹಿಡಿದು ಕುಳಿತು, ನನಗೆ ತೋರಿಸಿಕೊಂಡ ನಂತರವೇ ಕ್ಯಾಂಟೀನಿನ ಇಡ್ಲಿ.

ಅವರಲ್ಲಿ ಒಬ್ಬಾಕೆ ಅರಕಲಗೂಡು ಹತ್ತಿರದ ಹಳ್ಳಿಯವರು. ಆಲೂಗಡ್ಡೆ, ಶುಂಠಿ ಬೆಳೆಯುವ ಮನೆಯ ಯಜಮಾನಿ. ಹೃದಯಾಘಾತವಾಗಿ ಬಂದಾಗ ಸ್ಟೆಂಟ್ ಹಾಕಿದವಳು ನಾನೇ. ಹೃದಯ ಚೆನ್ನಾಗಿ ಚೇತರಿಸಿಕೊಂಡಿತು, ಬಿಪಿ ಮಾತ್ರ ಜಗ್ಗಲಿಲ್ಲ. ನೂರ ಎಂಬತ್ತು. ಮಾತ್ರೆ ಹೆಚ್ಚಿಸಿದೆ. ಮುಂದಿನ ಸಲವೂ ಅಷ್ಟೇ ಇತ್ತು, ಇನ್ನೊಂದು ಮಾತ್ರೆ ಸೇರಿಸಿದೆ. ಮೂರನೆಯ ಸಲ, "ಉಪ್ಪಿನಕಾಯಿ ಬಿಟ್ಟಿದ್ದೀರೋ ಇಲ್ಲವೋ?" ಎಂದು ಗದರಿದೆ.

"ಅದ್ರ ವಾಸ್ನೆನೂ ನೋಡಿಲ್ಲ ಕಣ್ ಡಾಕ್ಟ್ರವ್ವ" ಅಂದರು.

ನಾನು ನಂಬಲಿಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ, ಮನುಷ್ಯರು ಹೇಳುತ್ತಾರೆ ಎಂದು ಆಗ ನನಗೆ ಗಟ್ಟಿ ನಂಬಿಕೆಯಿತ್ತು. ಮಾತ್ರೆ ಮತ್ತೆ ಏರಿತು.

ಅದಾಗಿ ಎರಡೇ ವಾರಕ್ಕೆ, ಅವರ ಸರದಿಯಲ್ಲದ ಬುಧವಾರ, ಗಂಡ ಆಕೆಯ ರಟ್ಟೆ ಹಿಡಿದುಕೊಂಡು ಬಂದರು. ಆಕೆಯ ಹುಬ್ಬಿನ ಮೇಲೆ ಬ್ಯಾಂಡೇಜು. ಹಾಲು ಕರೆದು ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು ಕೊಟ್ಟಿಗೆಯ ಕಲ್ಲುಕಂಬಕ್ಕೆ ತಲೆ ಹೊಡೆದುಕೊಂಡಿದ್ದರು. ಬಿಪಿ ನೋಡಿದೆ. ತೊಂಬತ್ತು.

ನನಗೆ ನಿಜಕ್ಕೂ ಹೆದರಿಕೆಯಾಯಿತು. ಸ್ಟೆಂಟ್ ಇರುವವರು ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ನುಂಗುತ್ತಿರುತ್ತಾರೆ. ಅಂಥವರ ತಲೆಯೊಳಗೆ ರಕ್ತ ಸೋರತೊಡಗಿದರೆ ನಿಲ್ಲಿಸುವುದು ಕಷ್ಟ. ತಕ್ಷಣ ಸ್ಕ್ಯಾನಿಗೆ ಬರೆದೆ. ಗಾಲಿಕುರ್ಚಿ ಬರುವವರೆಗೆ ಪಕ್ಕದಲ್ಲೇ ನಿಂತು ಕೇಳಿದೆ, "ಇವತ್ತು ಬೆಳಿಗ್ಗೆ ಮಾತ್ರೆ ತಗೊಂಡ್ರಾ?"

"ಊಂ. ಇವತ್ತೇನ್ ಚೆಕಪ್ ಅಲ್ವಲ್ಲ. ರೊಟ್ಟಿ ತಿಂದು ಎಲ್ಲಾನೂ ನುಂಗಿವ್ನಿ."

"ಮತ್ತೆ ಚೆಕಪ್ ದಿನ?"

"ಬರಿಒಟ್ಟೇಲಿ ಬನ್ನಿ ಅಂತ ನೀವೇ ಬರ್ದಿರ್ತೀರಲ್ಲವ್ವ. ದೇವ್ರಿಗೆ ಅರಕೆ ತೀರ್ಸಕ್ಕೆ ಎಂಗೆ ಓಗ್ತೀವೋ ಅಂಗೇ ಬತ್ತೀನಿ. ಮುಂಚಿನ್ ದಿನದಿಂದ್ಲೇ ಮಾತ್ರೆ ಮುಟ್ಟಕಿಲ್ಲ. ಮಾತ್ರೆ ನುಂಗಿದ್ರೆ ಬರಿಒಟ್ಟೆ ಎಂಗಾಯ್ತದೆ?"

ಅಂದರೆ ನಾನು ಅಳೆದದ್ದೆಲ್ಲ ಮಾತ್ರೆ ಇಲ್ಲದ ದಿನದ ಬಿಪಿ. ಹೆಚ್ಚಿಸಿದ ಮಾತ್ರೆಯನ್ನು ಆಕೆ ನುಂಗಿದ್ದು ಮಿಕ್ಕೆಲ್ಲ ದಿನ, ಒಂದನ್ನೂ ತಪ್ಪಿಸದೆ. ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೇ ಬಿದ್ದಿದ್ದರು.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಗಂಡ ಟವಲ್ಲು ಹಿಂಡುತ್ತ ನಿಂತಿದ್ದರು. ಪಕ್ಕದಲ್ಲಿ ನಾನು. ನನ್ನಿಂದಲೇ ಹೀಗಾಯಿತು ಎಂದು ಅವರಿಗೆ ಹೇಳಿದೆ. ಚಿತ್ರ ಪರದೆಯ ಮೇಲೆ ಬಂತು. ರಕ್ತ ಸೋರಿರಲಿಲ್ಲ. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಆಕೆಯನ್ನು ಆಚೆ ಕರೆತಂದಾಗ, "ಮಾತ್ರೆ ಬಿಟ್ಟು ಬರ್ತೀನಿ ಅಂತ ನೀವು ಒಂದು ಸಲವಾದರೂ ಹೇಳಬಾರದಿತ್ತೇ?" ಎಂದೆ. ಆಗಲೂ ನನ್ನ ದನಿಯಲ್ಲಿ ಗದರಿಕೆಯೇ ಇತ್ತು.

ಆಕೆ ನನ್ನ ಕೈ ಹಿಡಿದುಕೊಂಡು, "ನೀವು ಕೇಳಿದ್ರೆ ಏಳ್ತಿದ್ದೆ ಕಣವ್ವ" ಅಂದರು.

ಒಂದು ದಿನ ನಿಗಾದಲ್ಲಿರಲಿ ಎಂದು ಆಕೆಯನ್ನು ವಾರ್ಡಿಗೆ ಕಳಿಸಿ, ಎರಡು ಮಾತ್ರೆ ತೆಗೆದುಹಾಕಿ, ನೇರ ಬೆಂಚುಗಳ ಹತ್ತಿರ ಹೋದೆ. ಕೂರಲು ಜಾಗವಿಲ್ಲದಷ್ಟು ಜನ. ಎಲ್ಲರದೂ ಬರಿಹೊಟ್ಟೆ.

"ಇವತ್ತು ಮಾತ್ರೆ ನುಂಗಿ ಬಂದವರು ಕೈ ಎತ್ತಿ" ಎಂದೆ.

ಒಂದೇ ಒಂದು ಕೈ ಮೇಲೆದ್ದಿತು. ಅದು ನನ್ನ ಹಿಂದೆಯೇ ಬಂದಿದ್ದ ಆಕೆಯ ಗಂಡನದು. "ನಂದು ಶುಗರ್ ಮಾತ್ರೆ ಮೇಡಮ್" ಅಂದರು. ಅವರು ನನ್ನ ರೋಗಿಯೇ ಅಲ್ಲ.

ಅಲ್ಲಿ ಕುಳಿತವರೆಲ್ಲರ ಫೈಲುಗಳನ್ನೂ ಮೇಜಿನ ಮೇಲೆ ತರಿಸಿಕೊಂಡೆ. ಯಾರ್ಯಾರಿಗೆ ಎಷ್ಟೆಷ್ಟು ಏರಿಸಿದ್ದೇನೆ ಎಂದು ನನ್ನದೇ ಅಕ್ಷರದಲ್ಲಿ ನೋಡಬೇಕಿತ್ತು. ಮೊದಲನೆಯ ಫೈಲು ತೆರೆಯುವಾಗ ನನ್ನ ಕೈ ನಡುಗಿತು.